ಮಾತ್ರೆ ಮೈಗೆ ಆಗದಿದ್ರೆ ಏನ್ಮಾಡ್ಬೇಕು? ಸ್ಟ್ರಿಪ್ ಎಸೆಯೋ ಮುಂಚೆ ಇದನ್ನ ಓದಿ

ಚಿಕ್ಕಬಳ್ಳಾಪುರ: ಮೈ ಕೈ ನೋವು, ಸ್ವಲ್ಪ ಜ್ವರ, ಗಂಟಲು ಕೆರೆತ. ಡಾಕ್ಟರ್ ಹತ್ರ ಹೋದ್ರೆ ಅರ್ಧ ದಿನದ ಕೂಲಿ ಹೋಯ್ತು ಅಂತಲೇ ಲೆಕ್ಕ. ಚಿಂತಾಮಣಿ ಮಾರ್ಕೆಟ್‌ನಲ್ಲಿ ಟೊಮೆಟೊ ಬಾಕ್ಸ್ ಹೊರುವವರಿರಲಿ, ಶಿಡ್ಲಘಟ್ಟದ ರೀಲಿಂಗ್ ಘಟಕಗಳಲ್ಲಿ ಬಿಸಿನೀರಿಗೆ ಕೈ ಹಾಕಿಕೊಂಡು ದಿನವಿಡೀ ಗೂಡು ಬಿಚ್ಚುವವರಿರಲಿ, ಸಂಜೆ ಮೆಡಿಕಲ್ ಸ್ಟೋರ್ ಮುಂದೆ ನಿಂತು ಕೇಳೋದು ಒಂದೇ ಮಾತು: ‘ಒಂದು ಡೋಸ್ ಕೊಡಿ.’ ಕತ್ತರಿಯಲ್ಲಿ ಕತ್ತರಿಸಿದ ನಾಲ್ಕು ಮಾತ್ರೆ ಸಣ್ಣ ಕವರ್‌ನಲ್ಲಿ ಬರುತ್ತೆ. ಬಿಳಿ ಒಂದು, ಹಳದಿ ಒಂದು, ಕೆಂಪು ಕ್ಯಾಪ್ಸೂಲ್ ಒಂದು. ಯಾವುದರ ಮೇಲೂ ಪೂರ್ತಿ ಹೆಸರಿರಲ್ಲ.

ಹೆಚ್ಚಿನವರಿಗೆ ಏನೂ ಆಗಲ್ಲ, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗ್ತಾರೆ. ಆದರೆ ಯಾರೋ ಒಬ್ಬರಿಗೆ ಅರ್ಧ ಗಂಟೆಯಲ್ಲಿ ಮೈಯೆಲ್ಲಾ ಗಂದೆ ಏಳುತ್ತೆ, ತುಟಿ ಊದುತ್ತೆ, ಉಸಿರು ಕಟ್ಟುತ್ತೆ. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರ್ ಕೇಳುವ ಮೊದಲ ಪ್ರಶ್ನೆ, ‘ಏನು ತಗೊಂಡಿದ್ರಿ?’ ಅದಕ್ಕೆ ಮನೆಯವರ ಹತ್ರ ಉತ್ತರವೇ ಇರಲ್ಲ. ಆ ದಿನ ಜೀವ ಉಳಿದರೂ ಯಾವ ಮಾತ್ರೆ ಅಂತ ಗೊತ್ತಾಗದೇ ಹೋದರೆ, ಆರು ತಿಂಗಳ ನಂತರ ಬೇರೆ ಅಂಗಡಿಯಲ್ಲಿ ಬೇರೆ ಬಣ್ಣದಲ್ಲಿ ಅದೇ ಔಷಧಿ ಮತ್ತೆ ಕೈಗೆ ಬರುತ್ತೆ. ಎರಡನೇ ಸಲ ಮೊದಲಿಗಿಂತ ಜೋರಾಗಿ ಹೊಡೆಯುವ ಸಾಧ್ಯತೆ ಇರುತ್ತೆ.

ಸೈಡ್ ಎಫೆಕ್ಟ್ ಬೇರೆ, ಅಲರ್ಜಿ ಬೇರೆ

ಜನ ಎಲ್ಲಕ್ಕೂ ‘ರಿಯಾಕ್ಷನ್ ಆಯ್ತು’ ಅಂತಾರೆ. ಇದರಲ್ಲಿ ಎರಡು ಜಾತಿ ಇದೆ. ಮಾತ್ರೆಯ ಗುಣದಿಂದಲೇ ಯಾರಿಗಾದರೂ ಆಗಬಹುದಾದ್ದು ಒಂದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಶುರು ಮಾಡಿದಾಗ ಭೇದಿ, ಬಿಪಿಯ ಆಮ್ಲೋಡಿಪಿನ್‌ನಿಂದ ಪಾದ ಊತ, ಎನಾಲಾಪ್ರಿಲ್ ಅಥವಾ ರಾಮಿಪ್ರಿಲ್‌ನಿಂದ ಒಣಕೆಮ್ಮು, ಖಾಲಿ ಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗಿದರೆ ಹೊಟ್ಟೆ ಉರಿ. ಗ್ಲಿಮೆಪಿರೈಡ್ ತಗೊಂಡು ಊಟ ಬಿಟ್ಟ ಅಜ್ಜಿಗೆ ಬೆವರು ಬಂದು ತಲೆ ಸುತ್ತಿದರೆ ಅದು ಅಲರ್ಜಿ ಅಲ್ಲ, ಸಕ್ಕರೆ ಇಳಿದಿರೋದು. ಎಚ್ಚರ ಇದ್ದರೆ ತಕ್ಷಣ ಸಕ್ಕರೆ ನೀರು ಕೊಡಬೇಕು. ಇಂಥ ತೊಂದರೆಗಳಿಗೆ ಬಹಳ ಸಲ ಡೋಸ್ ಕಡಿಮೆ ಮಾಡಿದರೆ, ಇಲ್ಲಾ ಮಾತ್ರೆ ಬದಲಿಸಿದರೆ ಸಾಕು. ತಾವಾಗೇ ಬಿಪಿ ಮಾತ್ರೆ ನಿಲ್ಲಿಸಿ ಕೂರೋದು ತಪ್ಪು.

ಅಲರ್ಜಿ ಇನ್ನೊಂದು ಜಾತಿ. ದೇಹ ಆ ಔಷಧಿಯನ್ನ ಶತ್ರು ಅಂತ ಗುರುತಿಟ್ಟುಕೊಂಡಿರುತ್ತೆ. ಮೊದಲ ಸಲ ತಗೊಂಡಾಗ ಏನೂ ಆಗದೇ ಇರಬಹುದು, ಒಳಗೆ ತಯಾರಿ ನಡೆದಿರುತ್ತೆ. ಮುಂದಿನ ಸಲ ಅದೇ ಔಷಧಿ ಒಳಗೆ ಹೋದಾಗ ಹಿಸ್ಟಮಿನ್ ಥರದ ರಾಸಾಯನಿಕಗಳು ಒಂದೇ ಸಲ ರಕ್ತಕ್ಕೆ ಸುರಿಯುತ್ತವೆ. ಅದಕ್ಕೇ ‘ಹೋದ ವರ್ಷ ಇದನ್ನೇ ತಿಂದಿದ್ದೆ, ಏನೂ ಆಗಿರಲಿಲ್ಲ’ ಅನ್ನೋ ಮಾತನ್ನ ನಂಬಿ ಕೂರಂಗಿಲ್ಲ. ಇಲ್ಲಿ ಡೋಸ್ ಲೆಕ್ಕಕ್ಕೆ ಬರಲ್ಲ, ಅರ್ಧ ಮಾತ್ರೆಯೂ ಸಾಕು.

ಯಾವ ಔಷಧಿಯಿಂದ ಹೆಚ್ಚು?

ಪೆನ್ಸಿಲಿನ್ ಗುಂಪು (ಅಮಾಕ್ಸಿಸಿಲಿನ್, ಆಗ್ಮೆಂಟಿನ್ ಇದರಲ್ಲೇ ಬರುತ್ತವೆ), ಸೆಫ್ಟ್ರಿಯಾಕ್ಸೋನ್ ಥರದ ಇಂಜೆಕ್ಷನ್‌ಗಳು, ಸೆಪ್ಟ್ರಾನ್ ಅಥವಾ ಬ್ಯಾಕ್ಟ್ರಿಮ್ ಅನ್ನೋ ಸಲ್ಫಾ ಮಾತ್ರೆ, ಮೂರ್ಛೆ ರೋಗದ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್, ಯೂರಿಕ್ ಆಸಿಡ್‌ಗೆ ಕೊಡುವ ಅಲೊಪ್ಯೂರಿನಾಲ್. ಇವು ಹಳೇ ಹೆಸರುಗಳು.

ನಮ್ಮ ಕಡೆ ಹೆಚ್ಚು ಗಮನ ಕೊಡಬೇಕಾದ್ದು ನೋವಿನ ಮಾತ್ರೆಗಳಿಗೆ. ಕಾಂಬಿಫ್ಲಾಮ್ ಅಂದ್ರೆ ಐಬುಪ್ರೊಫೆನ್ ಜೊತೆ ಪ್ಯಾರಾಸಿಟಮಾಲ್. ವೊವೆರಾನ್ ಅಂದ್ರೆ ಡೈಕ್ಲೊಫಿನಾಕ್. ಜೆರೊಡಾಲ್-ಪಿ ಅಂದ್ರೆ ಅಸಿಕ್ಲೊಫಿನಾಕ್ ಜೊತೆ ಪ್ಯಾರಾಸಿಟಮಾಲ್. ಹೆಸರು ಮೂರು, ಕಂಪನಿ ಮೂರು, ಆದರೆ ನೋವಿನ ಔಷಧಿ ಒಂದೇ ಬಳಗದ್ದು. ಈ ಬಳಗದಲ್ಲಿ ಒಂದು ಮಾತ್ರೆಗೆ ಮುಖ ಊದಿದವರಿಗೆ ಇನ್ನೊಂದಕ್ಕೂ ಊದಬಹುದು. ‘ವೊವೆರಾನ್ ಆಗಲ್ಲ’ ಅಂದವರಿಗೆ ‘ಸರಿ, ಕಾಂಬಿಫ್ಲಾಮ್ ತಗೊಳ್ಳಿ’ ಅಂತ ಕೊಟ್ಟರೆ ಬೆಂಕಿಯಿಂದ ಬಾಣಲೆಗೆ ಹಾಕಿದ ಹಾಗೆ. ಆಸ್ತಮಾ ಇದ್ದವರಲ್ಲಿ ಕೆಲವರಿಗೆ ಈ ಮಾತ್ರೆಗಳಿಂದ ಉಸಿರಾಟವೇ ಕಟ್ಟುತ್ತೆ. ಡೆಂಗಿ ಜ್ವರದ ಕಾಲದಲ್ಲಂತೂ ರಕ್ತಸ್ರಾವದ ಅಪಾಯ ಇರೋದರಿಂದ ಈ ಬಳಗವನ್ನೇ ಮುಟ್ಟಬಾರದು. ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಅದೂ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಬಾರದು. 650ರ ಮಾತ್ರೆ ಆದರೆ ಆರಕ್ಕೇ ಲೆಕ್ಕ ಮುಗಿಯುತ್ತೆ. ಕುಡಿಯುವ ಅಭ್ಯಾಸ ಇದ್ದವರಿಗೆ, ತೂಕ ಕಡಿಮೆ ಇದ್ದವರಿಗೆ ಇನ್ನೂ ಕಡಿಮೆ.

ಮುಟ್ಟಿನ ಹೊಟ್ಟೆನೋವಿಗೆ ಕಾಲೇಜು ಹುಡುಗೀರು ಬ್ಯಾಗ್‌ನಲ್ಲೇ ಇಟ್ಟುಕೊಳ್ಳೋ ಮೆಫ್ಟಾಲ್ ಬಗ್ಗೆಯೂ ಒಂದು ಮಾತು. ಅದರಲ್ಲಿರುವ ಮೆಫೆನಮಿಕ್ ಆಸಿಡ್‌ನಿಂದ ‘ಡ್ರೆಸ್’ ಎಂಬ ತೀವ್ರ ಅಲರ್ಜಿ ಆಗಬಹುದು ಎಂದು ಭಾರತೀಯ ಫಾರ್ಮಾಕೋಪಿಯಾ ಆಯೋಗ 2023ರ ಕೊನೆಯಲ್ಲಿ ದೇಶಕ್ಕೆಲ್ಲಾ ಎಚ್ಚರಿಕೆ ಕೊಟ್ಟಿತ್ತು. ಮಾತ್ರೆ ನಿಷೇಧ ಆಗಿಲ್ಲ, ಈ ಅಲರ್ಜಿ ಆಗೋದೂ ಅಪರೂಪ. ಆದರೆ ‘ಡ್ರೆಸ್’ ಬರೋದು ಮಾತ್ರೆ ಶುರು ಮಾಡಿ 2ರಿಂದ 8 ವಾರ ಆದ ಮೇಲೆ. ಅಷ್ಟು ಹೊತ್ತಿಗೆ ಮಾತ್ರೆ ತಿಂದಿದ್ದೇ ಮರೆತುಹೋಗಿರುತ್ತೆ. ಜ್ವರ, ಮೈಮೇಲೆ ದದ್ದು, ಮುಖ ಊತ, ಕತ್ತಿನ ಗಂಟು ದಪ್ಪ ಆಗೋದು, ಒಳಗೆ ಲಿವರ್‌ಗೆ ಪೆಟ್ಟು.

ಪಿತ್ತದ ಗಂದೆನೋ, ಅಮ್ಮನೋ, ಔಷಧಿನೋ?

ತಡ ಆಗೋದು ಇಲ್ಲೇ. ಗಂದೆ ಎದ್ದರೆ ನಮ್ಮಲ್ಲಿ ‘ಪಿತ್ತ ಆಗಿದೆ’ ಅಂತ ಕಂಬಳಿಯಲ್ಲಿ ಉಜ್ಜೋ ಪದ್ಧತಿ ಇದೆ. ಬರೀ ಗಂದೆ, ತುರಿಕೆ ಇದ್ದು ಉಸಿರಾಟ ಸರಿ ಇದ್ದರೆ ಗಾಬರಿ ಬೇಡ. ಮಾತ್ರೆ ನಿಲ್ಲಿಸಿ, ಡಾಕ್ಟರ್‌ಗೆ ತೋರಿಸಿ ಸಿಟ್ರಿಜಿನ್ ಥರದ ಮಾತ್ರೆ ತಗೊಂಡರೆ ಸಾಮಾನ್ಯವಾಗಿ ಇಳಿಯುತ್ತೆ. ಸಿಟ್ರಿಜಿನ್‌ಗೆ ನಿದ್ದೆ ಬರುತ್ತೆ, ನುಂಗಿ ಬೈಕ್ ಓಡಿಸಬೇಡಿ. ಕಂಬಳಿ ಉಜ್ಜಿದರೆ ತುರಿಕೆ ಇನ್ನೂ ಕೆರಳುತ್ತೆ ಅಷ್ಟೇ.

ಹೆಚ್ಚು ಅಪಾಯ ಇರೋದು ‘ಅಮ್ಮ ಬಂದಿದೆ’ ಅಂದುಕೊಂಡಾಗ. ಜ್ವರದ ಜೊತೆ ಮೈಮೇಲೆ ಗುಳ್ಳೆ ಬಂದರೆ ಬೇವಿನಸೊಪ್ಪು ಕಟ್ಟಿ, ಔಷಧಿ ಮುಟ್ಟದೆ, ಆಸ್ಪತ್ರೆಗೂ ಹೋಗದೆ ಮನೆಯಲ್ಲೇ ಮಲಗಿಸೋ ಮನೆಗಳು ಇನ್ನೂ ಇವೆ. ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಅನ್ನೋ ಔಷಧಿ ಅಲರ್ಜಿಯೂ ಹೀಗೇ ಜ್ವರದಿಂದ ಶುರು ಆಗುತ್ತೆ. ವ್ಯತ್ಯಾಸ ಗುರುತಿಸೋದು ಹೀಗೆ: ಕಣ್ಣು ಕೆಂಪಾಗಿ ಉರಿಯುತ್ತೆ, ಬಾಯೊಳಗೆ, ತುಟಿ ಮೇಲೆ, ಮೂತ್ರದ ಜಾಗದಲ್ಲಿ ಹುಣ್ಣು ಏಳುತ್ತೆ, ಚರ್ಮ ತುರಿಸೋದಕ್ಕಿಂತ ನೋಯುತ್ತೆ, ಕಪ್ಪು-ಕೆಂಪು ಮಚ್ಚೆ ಗುಳ್ಳೆಯಾಗಿ ಸುಟ್ಟ ಚರ್ಮದ ಹಾಗೆ ಸುಲಿಯುತ್ತೆ. ಸಾಮಾನ್ಯವಾಗಿ ಹೊಸ ಔಷಧಿ ಶುರು ಮಾಡಿದ ನಾಲ್ಕು ದಿನದಿಂದ ನಾಲ್ಕು ವಾರದೊಳಗೆ ಇದು ಕಾಣಿಸಿಕೊಳ್ಳುತ್ತೆ. ಮೈಯ ಶೇ 30ಕ್ಕಿಂತ ಹೆಚ್ಚು ಚರ್ಮ ಸುಲಿದರೆ ಸುಮಾರು ಮೂವರಲ್ಲಿ ಒಬ್ಬರು ಉಳಿಯಲ್ಲ. ಅನುಮಾನ ಬಂದ ಔಷಧಿಯನ್ನ ಎಷ್ಟು ಬೇಗ ನಿಲ್ಲಿಸುತ್ತೇವೋ ಅಷ್ಟು ಉಳಿಯುವ ಅವಕಾಶ. ಅಮ್ಮನ ಪೂಜೆ ಬೇಡ ಅಂತ ಯಾರೂ ಹೇಳ್ತಿಲ್ಲ. ಬಾಯಿ, ಕಣ್ಣು ಎರಡರಲ್ಲೂ ಹುಣ್ಣು ಕಂಡರೆ ಪೂಜೆಗೆ ಮುಂಚೆ ಜಿಲ್ಲಾಸ್ಪತ್ರೆ. ಅಲ್ಲಿಂದ ಬೆಂಗಳೂರಿಗೆ ಕಳಿಸಿದರೆ ಹಿಂದೆ ಮುಂದೆ ನೋಡದೆ ಹೋಗಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ಬಹಳ ಜನರನ್ನ ಕಾಡೋದು. ಹೊಟ್ಟೆ ಕೆಟ್ಟಾಗ ತಗೊಳ್ಳೋ ಓಫ್ಲಾಕ್ಸಸಿನ್-ಆರ್ನಿಡಜೋಲ್, ನಾರ್‌ಫ್ಲಾಕ್ಸ್-ಟಿಜೆಡ್ ಥರದ ಮಾತ್ರೆಯಿಂದ ಕೆಲವರಿಗೆ ತುಟಿ ಮೇಲೋ ಗುಪ್ತಾಂಗದ ಮೇಲೋ ರೂಪಾಯಿ ಅಗಲದ ಕಪ್ಪು ಮಚ್ಚೆ ಬೀಳುತ್ತೆ. ಪ್ರತಿ ಸಲ ಅದೇ ಜಾಗದಲ್ಲಿ. ನಾಚಿಕೆಗೆ ಯಾರಿಗೂ ತೋರಿಸಲ್ಲ, ಗಂಡ-ಹೆಂಡತಿ ನಡುವೆ ಅನುಮಾನಕ್ಕೂ ದಾರಿ ಆಗುತ್ತೆ. ಅದು ಅಂಟುರೋಗ ಅಲ್ಲ. ಆ ಮಾತ್ರೆ ಬಿಟ್ಟರೆ ಗಾಯ ವಾಸಿ ಆಗುತ್ತೆ, ಕಪ್ಪು ಕಲೆ ಮಾತ್ರ ತಿಂಗಳುಗಟ್ಟಲೆ ಉಳಿಯಬಹುದು.

ಉಸಿರು ಕಟ್ಟಿದಾಗ

ಗಂದೆ ಜೊತೆಗೆ ತುಟಿ-ನಾಲಿಗೆ ಊತ, ಗಂಟಲು ಬಿಗಿಯೋದು, ಧ್ವನಿ ಬದಲಾಗೋದು, ಉಬ್ಬಸ, ವಾಂತಿ, ಕಣ್ಣು ಕತ್ತಲೆ ಬರೋದು. ಇದಕ್ಕೆ ಅನಾಫಿಲಾಕ್ಸಿಸ್ ಅಂತಾರೆ. ಕೆಲವರಿಗೆ ಗಂದೆ ಏಳದೇ ನೇರವಾಗಿ ಬಿಪಿ ಬೀಳುತ್ತೆ. ಇಂಜೆಕ್ಷನ್ ಆದರೆ ನಿಮಿಷಗಳಲ್ಲಿ, ಮಾತ್ರೆ ಆದರೆ ಸಾಮಾನ್ಯವಾಗಿ ಒಂದೆರಡು ಗಂಟೆಯೊಳಗೆ ಆಗುತ್ತೆ.

ಇದಕ್ಕೆ ಮೊದಲ ಔಷಧಿ ಅಡ್ರಿನಲಿನ್. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ಅಂದ್ರೆ 1 ಮಿಲಿಗ್ರಾಂ ಇರುವ ಒಂದು ಆಂಪ್ಯೂಲ್‌ನ ಅರ್ಧ, ತೊಡೆಯ ಹೊರಬದಿಯ ಸ್ನಾಯುವಿಗೆ. ಮಕ್ಕಳಿಗೆ ತೂಕದ ಲೆಕ್ಕ, ಕೆಜಿಗೆ 0.01 ಮಿಲಿಗ್ರಾಂ. ಸುಧಾರಿಸದಿದ್ದರೆ ಐದು ನಿಮಿಷಕ್ಕೆ ಮತ್ತೆ. ಇದು ಡಾಕ್ಟರ್, ನರ್ಸ್ ಕೊಡಬೇಕಾದ್ದು, ಮನೆಯಲ್ಲಿ ಪ್ರಯೋಗ ಮಾಡೋದಲ್ಲ. ಆದರೂ ಜನಕ್ಕೆ ಗೊತ್ತಿರಬೇಕು, ಯಾಕಂದ್ರೆ ‘ಏವಿಲ್, ಡೆಕ್ಸಾ ಹಾಕಿದ್ದೀವಿ, ಸರಿ ಹೋಗುತ್ತೆ’ ಅಂತ ಕಾಯಿಸೋ ಅಭ್ಯಾಸ ಕೆಲವು ಕಡೆ ಇದೆ. ಏವಿಲ್ ತುರಿಕೆ ಇಳಿಸುತ್ತೆ. ಡೆಕ್ಸಾ ಕೆಲಸ ಶುರು ಮಾಡೋಕೆ ಗಂಟೆಗಳು ಬೇಕು. ಮುಚ್ಚುತ್ತಿರೋ ಗಂಟಲು, ಬೀಳ್ತಿರೋ ಬಿಪಿಯನ್ನ ಹಿಡಿಯೋದು ಅಡ್ರಿನಲಿನ್. ಅದು ದುಬಾರಿ ಔಷಧಿಯೂ ಅಲ್ಲ. ಇಂಜೆಕ್ಷನ್ ಹಾಕೋ ಪ್ರತಿ ಕ್ಲಿನಿಕ್‌ನ ಟ್ರೇನಲ್ಲಿ ಇರಲೇಬೇಕಾದ್ದು. ಇದೆಯಾ ಅಂತ ಕೇಳೋದರಲ್ಲಿ ಮರ್ಯಾದೆ ಹೋಗೋದೇನಿಲ್ಲ.

ಆಸ್ಪತ್ರೆಗೆ ಸಾಗಿಸೋದರಲ್ಲೂ ಒಂದು ದೊಡ್ಡ ತಪ್ಪು ನಡೆಯುತ್ತೆ. ಹಳ್ಳಿಯಲ್ಲಿ ಗಾಡಿ ಸಿಗದಿದ್ರೆ ಬೈಕ್ ಮೇಲೆ ಇಬ್ಬರ ಮಧ್ಯೆ ರೋಗಿಯನ್ನ ಕೂರಿಸಿಕೊಂಡು ಹೊರಡ್ತಾರೆ. ಬಿಪಿ ಬಿದ್ದ ಮನುಷ್ಯನನ್ನ ನೆಟ್ಟಗೆ ಕೂರಿಸಿದರೆ, ನಿಲ್ಲಿಸಿದರೆ, ನಡೆಸಿದರೆ ಹೃದಯಕ್ಕೆ ರಕ್ತ ವಾಪಸ್ ಬರೋದೇ ಕಡಿಮೆ ಆಗಿ ದಾರಿಯಲ್ಲೇ ಪ್ರಾಣ ಹೋಗಬಹುದು. 108ಕ್ಕೆ ಫೋನ್ ಮಾಡಿ. ಅದು ತಡ ಅನ್ನಿಸಿದರೆ ಕಾರು, ಆಟೋ, ಗೂಡ್ಸ್ ಟೆಂಪೋ ಏನಾದರೂ ಸರಿ, ಅಂಗಾತ ಮಲಗಿಸಿ ಕಾಲು ಎತ್ತರಕ್ಕೆ ಇಡಿ. ವಾಂತಿ ಆಗ್ತಿದ್ರೆ ಪಕ್ಕಕ್ಕೆ ತಿರುಗಿಸಿ, ಗರ್ಭಿಣಿ ಆದರೆ ಎಡಮಗ್ಗುಲಿಗೆ. ಉಸಿರಾಡೋಕೆ ತೀರಾ ಕಷ್ಟ ಆಗ್ತಿದ್ರೆ ಮಾತ್ರ ಕಾಲು ನೀಡಿ ಒರಗಿ ಕೂರಲಿ. ಬಾಯಿಗೆ ನೀರು, ನಿಂಬೆಹಣ್ಣಿನ ರಸ ಹಾಕಬೇಡಿ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೂರೂ ಕಡೆ ತಾಲ್ಲೂಕು ಆಸ್ಪತ್ರೆ ಇದೆ, ಮೊದಲು ಹತ್ತಿರದ್ದಕ್ಕೆ ಹೋಗಿ. ‘ದೊಡ್ಡಾಸ್ಪತ್ರೆಗೇ ಹೋಗೋಣ’ ಅಂತ ಬೆಂಗಳೂರು ದಾರಿ ಹಿಡಿದರೆ ಆ ಒಂದೂವರೆ ಗಂಟೆಯೇ ಮುಳುವಾಗುತ್ತೆ.

ಸುಧಾರಿಸಿದ ಕೂಡಲೇ ಮನೆಗೆ ಹೊರಡಬೇಡಿ. ಕೆಲವರಿಗೆ ಕೆಲವು ಗಂಟೆ ಬಿಟ್ಟು ಎರಡನೇ ಅಲೆ ಬರುತ್ತೆ. ಡಾಕ್ಟರ್ ಇರಿ ಅಂದಷ್ಟು ಹೊತ್ತು ಇರಬೇಕು.

ಹಾವು ಕಚ್ಚಿದಾಗ ಕೊಡೋ ಇಂಜೆಕ್ಷನ್ ವಿಷಯದಲ್ಲೂ ಇದೇ ಭಯ ಇದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಸೇರಿ ಇರುವ ಈ ಪ್ರತಿವಿಷ ಕುದುರೆ ರಕ್ತದಿಂದ ತಯಾರಾಗೋದು, ಹಾಗಾಗಿ ರಿಯಾಕ್ಷನ್ ಸಾಮಾನ್ಯ. ಅದು ಗೊತ್ತಿದ್ದೇ ಪಕ್ಕದಲ್ಲಿ ಅಡ್ರಿನಲಿನ್ ಇಟ್ಟುಕೊಂಡು ಕೊಡ್ತಾರೆ. ಮೊದಲೇ ಚರ್ಮಕ್ಕೆ ಚುಚ್ಚಿ ನೋಡೋ ಟೆಸ್ಟ್ ಡೋಸ್‌ನಿಂದ ಯಾರಿಗೆ ರಿಯಾಕ್ಷನ್ ಆಗುತ್ತೆ ಅಂತ ಗೊತ್ತಾಗಲ್ಲ, ಅದನ್ನ ಮಾಡಬಾರದು ಅಂತಲೇ ಮಾರ್ಗಸೂಚಿ ಇದೆ. ರಿಯಾಕ್ಷನ್ ಹೆದರಿ ಪ್ರತಿವಿಷ ಬೇಡ ಅಂದು ನಾಟಿ ವೈದ್ಯರ ಹತ್ರ ಓಡಿದರೆ ವಿಷವೇ ಕೊಲ್ಲುತ್ತೆ.

ಸುಮ್ ಸುಮ್ನೆ ‘ಅಲರ್ಜಿ’ ಅಂತಲೂ ಬರೆಸಬೇಡಿ

ಅಮಾಕ್ಸಿಸಿಲಿನ್ ತಗೊಂಡು ಒಂದು ಸಲ ಭೇದಿ ಆಗಿದ್ದಕ್ಕೆ ‘ನಂಗೆ ಪೆನ್ಸಿಲಿನ್ ಆಗಲ್ಲ’ ಅಂತ ಜೀವನಪೂರ್ತಿ ಹೇಳಿಕೊಂಡು ಓಡಾಡೋರಿದ್ದಾರೆ. ಚಿಕ್ಕಂದಿನಲ್ಲಿ ವೈರಲ್ ಜ್ವರದ ದದ್ದು ಬಂದಾಗ ಅದೇ ಹೊತ್ತಿಗೆ ತಿನ್ನುತ್ತಿದ್ದ ಮಾತ್ರೆಯ ಮೇಲೆ ತಪ್ಪು ಹೊರಿಸಿರೋದೂ ಉಂಟು. ಅಮೆರಿಕದಲ್ಲಿ ಪೆನ್ಸಿಲಿನ್ ಅಲರ್ಜಿ ಅಂತ ಹೇಳಿಕೊಂಡವರನ್ನ ಸರಿಯಾಗಿ ಪರೀಕ್ಷೆ ಮಾಡಿದಾಗ ಶೇ 90ಕ್ಕೂ ಹೆಚ್ಚು ಜನಕ್ಕೆ ಅಲರ್ಜಿಯೇ ಇರಲಿಲ್ಲ. ಸುಳ್ಳು ಲೇಬಲ್‌ನಿಂದ ಆಗೋ ನಷ್ಟ ಏನಂದ್ರೆ, ಸಣ್ಣ ಔಷಧಿಯಲ್ಲಿ ಹೋಗೋ ಕಾಯಿಲೆಗೆ ದೊಡ್ಡ, ದುಬಾರಿ ಆ್ಯಂಟಿಬಯಾಟಿಕ್ ಬೇಕಾಗುತ್ತೆ. ಹಾಗಂತ ಮನೆಯಲ್ಲಿ ‘ಒಂದು ತಿಂದು ನೋಡೋಣ’ ಅನ್ನೋದು ಖಂಡಿತ ಬೇಡ, ಪರೀಕ್ಷೆ ಆಸ್ಪತ್ರೆಯಲ್ಲೇ ಆಗಬೇಕು. ಟಿಬಿ ಮಾತ್ರೆಯಲ್ಲೂ ಇದೇ ಗೊಂದಲ. ಮೂತ್ರ ಕೆಂಪಾಗೋದು ರಿಫಾಂಪಿಸಿನ್‌ನ ಬಣ್ಣ, ಹೆದರಿ ಕೋರ್ಸ್ ಬಿಡಬಾರದು. ಆದರೆ ಕಣ್ಣು ಹಳದಿ ಆದರೆ, ಊಟ ಸೇರದೆ ವಾಂತಿ ಆದರೆ, ದೃಷ್ಟಿ ಮಂಜಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

‘ಇಂಗ್ಲಿಷ್ ಔಷಧಿಗೆ ಮಾತ್ರ ಸೈಡ್ ಎಫೆಕ್ಟ್, ಗಿಡಮೂಲಿಕೆಗೆ ಇಲ್ಲ’ ಅನ್ನೋದೂ ಅರ್ಧ ಸತ್ಯ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದ 6 ಜನರಿಗೆ ಲಿವರ್ ತೊಂದರೆ ಆಗಿದ್ದನ್ನ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು, ಆಯುಷ್ ಸಚಿವಾಲಯ ಅದನ್ನ ಒಪ್ಪಲಿಲ್ಲ. ವಾದ ಏನೇ ಇರಲಿ, ಡಾಕ್ಟರ್ ಕೇಳಿದಾಗ ಕಷಾಯ, ಚೂರ್ಣ, ಹೆಸರಿಲ್ಲದ ಪುಡಿ ಎಲ್ಲವನ್ನೂ ಹೇಳಿಬಿಡಿ.

ಅಂಗಡಿಯವರ ಕೈಯಲ್ಲಿ ಇರೋದು

ಮೆಡಿಕಲ್ ಸ್ಟೋರ್‌ನವರು ಮಾತ್ರೆ ಕತ್ತರಿಸೋ ಮುಂಚೆ ಒಂದು ಪ್ರಶ್ನೆ ಕೇಳಿದರೆ ಸಾಕು: ‘ಯಾವುದಾದ್ರೂ ಮಾತ್ರೆ ಆಗಲ್ವಾ? ಆಸ್ತಮಾ ಇದೆಯಾ?’ ಆಮೇಲೆ ಕವರ್ ಮೇಲೆ ಪೆನ್ನಿನಲ್ಲಿ ಔಷಧಿಯ ಹೆಸರು ಬರೆಯೋದು. ಬ್ರ್ಯಾಂಡ್ ಹೆಸರಲ್ಲ, ಒಳಗಿರೋ ಸಾಲ್ಟ್ ಹೆಸರು. ಜನೌಷಧಿ ಕೇಂದ್ರದಲ್ಲಿ ಬೇರೆ ಪ್ಯಾಕ್ ಸಿಕ್ಕರೂ ಸಾಲ್ಟ್ ಹೆಸರು ಅದೇ ಇರುತ್ತೆ. ಆ್ಯಂಟಿಬಯಾಟಿಕ್‌ಗಳು ಚೀಟಿ ಇಲ್ಲದೆ ಕೊಡೋ ಔಷಧಿಯೇ ಅಲ್ಲ. ಶೆಡ್ಯೂಲ್ ಎಚ್1 ಪಟ್ಟಿಯ ಔಷಧಿ ಆದರೆ ರೋಗಿ, ಡಾಕ್ಟರ್ ಹೆಸರು ಬರೆದ ರಿಜಿಸ್ಟರ್ ಮೂರು ವರ್ಷ ಇಡಬೇಕು ಅನ್ನೋ ನಿಯಮ 2014ರಿಂದಲೇ ಇದೆ. ನಿಮೆಸುಲೈಡ್ 12 ವರ್ಷದೊಳಗಿನ ಮಕ್ಕಳಿಗೆ 2011ರಲ್ಲೇ ನಿಷೇಧ ಆಗಿದೆ. ಕಿರಾಣಿ ಅಂಗಡಿಯಲ್ಲಿ ಬೀಡಿ-ಬಿಸ್ಕತ್ ಜೊತೆ ತಲೆನೋವಿನ ಮಾತ್ರೆ ಇಡೋರು ಕನಿಷ್ಠ ಮಕ್ಕಳ ಕೈಗೆ ಕೊಡದಿದ್ರೆ ಒಳ್ಳೇದು. ಜ್ವರ ಇರೋ ಮಕ್ಕಳಿಗೆ ಆಸ್ಪಿರಿನ್ ಲಿವರ್, ಮೆದುಳು ಎರಡಕ್ಕೂ ಅಪಾಯ.

ಮನೆಯವರು ಮಾಡಬೇಕಾದ್ದು ಇನ್ನೂ ಸುಲಭ. ಜ್ವರ ಬಿಟ್ಟು ಒಂದು ತಿಂಗಳಾಗೋವರೆಗೂ ಸ್ಟ್ರಿಪ್ ಎಸೀಬೇಡಿ. ಮೊಬೈಲ್‌ನಲ್ಲಿ ಎರಡೂ ಬದಿ ಫೋಟೋ ತೆಗೆದಿಟ್ಟರೆ ಇನ್ನೂ ವಾಸಿ. ಒಂದು ಸಲ ರಿಯಾಕ್ಷನ್ ಆದವರು ಔಷಧಿ ಹೆಸರು, ಏನಾಯ್ತು, ಯಾವ ವರ್ಷ ಅಂತ ಚೀಟಿ ಬರೆದು ಪರ್ಸ್‌ನಲ್ಲಿ, ಆಧಾರ್ ಕಾರ್ಡ್ ಹಿಂದೆಯೇ ಇಟ್ಟುಕೊಳ್ಳಲಿ. ಪ್ರಜ್ಞೆ ತಪ್ಪಿದಾಗ ಬಾಯಿ ಮಾತಾಡಲ್ಲ.

ದೂರು ಅಲ್ಲ, ವರದಿ

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಸಾವಿನ ಸಂಖ್ಯೆ ಐದಕ್ಕೆ ಹೋಯ್ತು. ಡ್ರಿಪ್‌ನಲ್ಲಿ ಹಾಕೋ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದು ಸರ್ಕಾರ ಆ ಕಂಪನಿಯ ದ್ರಾವಣ ಬಳಸೋದನ್ನ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಅದು ಅಲರ್ಜಿ ಅಲ್ಲ, ಔಷಧಿಯ ಗುಣಮಟ್ಟದ ಪ್ರಶ್ನೆ. ಆದರೆ ಅಲ್ಲಿ ಕಣ್ಣಿಗೆ ಬಿದ್ದಿದ್ದು ಒಂದೇ ಆಸ್ಪತ್ರೆಯಲ್ಲಿ, ಕೆಲವೇ ದಿನದಲ್ಲಿ ಆಗಿದ್ದಕ್ಕೆ. ಅದೇ ಒಂದು ಗುಡಿಬಂಡೆಯಲ್ಲಿ, ಒಂದು ಬಾಗೇಪಲ್ಲಿಯಲ್ಲಿ, ಒಂದು ಚಿಂತಾಮಣಿಯಲ್ಲಿ ಆಗಿದ್ರೆ ಯಾರು ಜೋಡಿಸಿ ನೋಡ್ತಿದ್ರು?

ಜೋಡಿಸಿ ನೋಡೋಕೆ ಒಂದು ವ್ಯವಸ್ಥೆ 2010ರಿಂದ ಇದೆ, ಭಾರತೀಯ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮ. ಗಾಜಿಯಾಬಾದ್‌ನ ಫಾರ್ಮಾಕೋಪಿಯಾ ಆಯೋಗ ನಡೆಸುತ್ತೆ. ಮೆಫ್ಟಾಲ್ ಎಚ್ಚರಿಕೆ ಬಂದಿದ್ದೂ ಹೀಗೆ ಬಂದ ವರದಿಗಳನ್ನ ನೋಡಿಯೇ. ಡಾಕ್ಟರ್ ಮಾತ್ರ ಅಲ್ಲ, ರೋಗಿ, ಮನೆಯವರು, ಅಂಗಡಿಯವರು ಯಾರು ಬೇಕಾದರೂ ತಿಳಿಸಬಹುದು. ಟೋಲ್ ಫ್ರೀ ನಂಬರ್ 1800-180-3024, ಕೆಲಸದ ದಿನ ಬೆಳಗ್ಗೆ 9ರಿಂದ ಸಂಜೆ 5.30. ಸಾರ್ವಜನಿಕರ ಫಾರಂ ಕನ್ನಡದಲ್ಲೂ ಸಿಗುತ್ತೆ, ಮೊಬೈಲ್ ಆ್ಯಪ್ ಇದೆ. ಈ ನಂಬರ್ ಮತ್ತು ಕ್ಯೂಆರ್ ಕೋಡ್ ಅನ್ನ ಔಷಧಿ ಅಂಗಡಿಗಳಲ್ಲಿ ಕಾಣೋ ಹಾಗೆ ಹಾಕಬೇಕು ಅಂತ 2025ರಲ್ಲಿ ಕೇಂದ್ರದಿಂದ ಸೂಚನೆಯೂ ಬಂದಿದೆ. ನಿಮ್ಮ ಅಂಗಡಿಯಲ್ಲಿ ಇದೆಯಾ ನೋಡಿ.

ಕೇಳೋ ವಿವರ ಕಡಿಮೆ: ರೋಗಿಯ ಹೆಸರಿನ ಮೊದಲಕ್ಷರ ಮತ್ತು ವಯಸ್ಸು, ಏನಾಯ್ತು, ಅನುಮಾನದ ಔಷಧಿ, ತಿಳಿಸಿದವರು ಯಾರು. ಬ್ಯಾಚ್ ನಂಬರ್ ಇದ್ದರೆ ಇನ್ನೂ ಒಳ್ಳೇದು, ಅದು ಸ್ಟ್ರಿಪ್‌ನ ತುದಿಯಲ್ಲಿರುತ್ತೆ. ಆ ಔಷಧಿಯೇ ಕಾರಣ ಅಂತ ನೀವು ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು. ಇದು ಕೇಸ್ ಅಲ್ಲ, ಡಾಕ್ಟರ್ ಮೇಲೋ ಅಂಗಡಿ ಮೇಲೋ ಕ್ರಮ ಆಗುತ್ತೆ ಅನ್ನೋ ಭಯ ಬೇಡ. ಹೆಸರು ಗುಟ್ಟಾಗಿರುತ್ತೆ. ಮಗುವಿಗೆ ಲಸಿಕೆ ಹಾಕಿಸಿದ ಮೇಲೆ ತೊಂದರೆ ಆದರೆ ಮಾತ್ರ ಮೊದಲು ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿ, ಅದಕ್ಕೆ ಬೇರೆ ದಾರಿಯಲ್ಲಿ ವರದಿ ಹೋಗುತ್ತೆ.